ಏರ್ ಫ್ರೈಯರ್‌ಗೆ ಹಾಸುವ ಪೇಪರ್ ಯಾವುದು ತರಬೇಕು? ನಿನ್ನೆ ಬಟರ್ ಪೇಪರ್ ಸುಟ್ಟೇ ಹೋಯ್ತು

ಕೋಲಾರದ_ಅವರೆಕಾಳು
ಎಲ್ಲರಿಗೂ ನಮಸ್ಕಾರ. ದೀಪಾವಳಿಗೆ ಮಗಳು ಏರ್ ಫ್ರೈಯರ್ ಕೊಡಿಸಿದಳು. ಬುಟ್ಟಿಗೆ ಕಬಾಬ್ ಮಸಾಲೆ ಅಂಟಿದರೆ ಉಜ್ಜಿ ಉಜ್ಜಿ ಸಾಕಾಗುತ್ತದೆ, ಅದಕ್ಕೆ ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೇಳಿ ಒಂದು ರೋಲ್ ತಂದೆ. ನಿನ್ನೆ ಖಾಲಿ ಬುಟ್ಟಿಗೆ ಅದನ್ನು ಹಾಸಿ, 200 ಡಿಗ್ರಿಯಲ್ಲಿ ಕಾಯಲಿ ಅಂತ ಬಿಟ್ಟು, ಅವರೆಕಾಳು ಹಿಸುಕಲು ಕೂತೆ. ಸ್ವಲ್ಪ ಹೊತ್ತಿಗೆ ಮನೆಯೆಲ್ಲಾ ಹೊಗೆ. ಪೇಪರ್‌ನ ಅಂಚು ಕಪ್ಪಾಗಿತ್ತು. ತುಂಬಾ ಹೆದರಿದೆ, ಮನೆಯಲ್ಲಿ ಚಿಕ್ಕ ಮೊಮ್ಮಗ ಇದ್ದಾನೆ. ಪಕ್ಕದ ಮನೆಯವರು ಫಾಯಿಲ್ ಹಾಕಿ ಅಂತಾರೆ. ಅದು ಸರಿಯಾ?

ತುಮಕೂರು_ಬೇಕಿಂಗ್
ಅಕ್ಕ, ಮೊದಲು ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಮೇಲೆ ಮೇಲಿನ ಕಾಯಿಲ್‌ನಲ್ಲಿ ಪೇಪರ್ ಚೂರು ಸಿಕ್ಕಿಕೊಂಡಿದೆಯಾ ನೋಡಿ. ಏರ್ ಫ್ರೈಯರ್‌ನಲ್ಲಿ ಕಾಯಿಲ್, ಫ್ಯಾನ್ ಎರಡೂ ಮೇಲೆಯೇ ಇರುತ್ತವೆ. ಮೇಲೆ ಭಾರ ಇಲ್ಲದ ಪೇಪರ್ ಗಾಳಿಗೆ ಹಾರಿ ಕಾಯಿಲ್‌ಗೆ ತಗುಲುತ್ತದೆ, ನಿಮ್ಮಲ್ಲೂ ಹೀಗೇ ಆಗಿರಬೇಕು. ಬರೀ ಪೇಪರ್ ಹಾಕಿ ಯಾವತ್ತೂ ಕಾಯಿಸಬೇಡಿ. ಕಬಾಬ್ ಹಾಕುವಾಗಲೇ ಪೇಪರ್ ಹಾಕಿ, ಅಂಚು ಮೇಲೆದ್ದು ನಿಲ್ಲದ ಹಾಗೆ ಕತ್ತರಿಸಿ.

ಇನ್ನೊಂದು ವಿಷಯ. ನಮ್ಮ ಅಂಗಡಿಗಳಲ್ಲಿ ಬಟರ್ ಪೇಪರ್ ಅಂತ ಕೇಳಿದರೆ ಏನು ಬೇಕಾದರೂ ಕೊಡುತ್ತಾರೆ. ಮೇಣ ಹಚ್ಚಿದ್ದು ಬಿಸಿಗೆ ಕರಗಿ ಹೊಗೆಯಾಡುತ್ತದೆ. ನಿಮಗೆ ಬೇಕಾಗಿರುವುದು ಸಿಲಿಕೋನ್ ಲೇಪದ ಬೇಕಿಂಗ್ ಪೇಪರ್. ಡಬ್ಬದ ಮೇಲೆ ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಬರೆದಿರಬೇಕು, ಸಾಮಾನ್ಯವಾಗಿ 220ರ ಆಸುಪಾಸು ಇರುತ್ತದೆ. ಬರೆದಿಲ್ಲ ಅಂದರೆ ತರಲೇಬೇಡಿ. ಮನೆಯಲ್ಲಿರುವ ರೋಲನ್ನು ಉಗುರಿನಿಂದ ಕೆರೆದು ನೋಡಿ, ಮೇಣ ಬರುತ್ತದಾ ಅಂತ.

ಚಿಕ್ಕಬಳ್ಳಾಪುರ_ಅಡುಗೆಮನೆ
ಫಾಯಿಲ್ ಬಗ್ಗೆ ನಾನು ಹೇಳುತ್ತೇನೆ. ಕಬಾಬ್‌ಗೆ ನಿಂಬೆರಸ, ಮೊಸರು, ಉಪ್ಪು ಹಾಕುತ್ತೀರಿ ಅಲ್ವಾ, ಹುಳಿ ಮತ್ತು ಉಪ್ಪು ಇದ್ದ ಕಡೆ ಅಲ್ಯೂಮಿನಿಯಂ ಅಡುಗೆಗೆ ಬಿಡುತ್ತದೆ. ಟೊಮೆಟೊ, ಹುಣಸೆಹಣ್ಣು ಇದ್ದರೂ ಅಷ್ಟೇ. ಗಾಳಿ ಓಡಾಡಲು ಇರುವ ತೂತುಗಳನ್ನೂ ಅದು ಮುಚ್ಚಿಬಿಡುತ್ತದೆ.

ನಮ್ಮ ಮನೆಯಲ್ಲಿ ಸಿಲಿಕೋನ್ ಬಟ್ಟಲು ಬಳಸುತ್ತೇವೆ, 230 ಡಿಗ್ರಿವರೆಗೆ ಅಂತ ಅದರ ಮೇಲೆ ಇದೆ. ತಳ ಅಷ್ಟು ಗರಿಗರಿ ಆಗುವುದಿಲ್ಲ, ನಡುವೆ ಒಮ್ಮೆ ತಿರುವಿ ಹಾಕಬೇಕು. ಕೊಳ್ಳುವಾಗ ಹಿಂಡಿ, ತಿರುಚಿ ನೋಡಿ, ಬಿಳಿ ಗೆರೆ ಕಂಡರೆ ಬೇರೆ ಏನೋ ಬೆರೆಸಿರಬಹುದು, ನಾನಂತೂ ಅಂಥದ್ದನ್ನು ಬಿಟ್ಟುಬಿಡುತ್ತೇನೆ. ನ್ಯೂಸ್ ಪೇಪರ್ ಮಾತ್ರ ಬೇಡವೇ ಬೇಡ, ಕರಿದ ವಡೆ ಇಡುವುದಕ್ಕೂ ಬೇಡ. ಅದರ ಶಾಯಿ ಒಳ್ಳೆಯದಲ್ಲ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2023ರಲ್ಲೇ ಎಚ್ಚರಿಸಿದೆ.

ತುಮಕೂರು_ಬೇಕಿಂಗ್
ನಿಜ ಹೇಳಬೇಕೆಂದರೆ ದಿನಾ ಪೇಪರ್ ಬೇಕಾಗಿಲ್ಲ ಅಕ್ಕ. ಆಲೂಗಡ್ಡೆ, ನಿಪ್ಪಟ್ಟು ಬಿಸಿ ಮಾಡಲು ಸುಮ್ನೆ ಬುಟ್ಟಿಯೇ ಸಾಕು. ಮಸಾಲೆ ಅಂಟಿದರೆ ಬಿಸಿನೀರು, ಸೋಪು ಹಾಕಿ ಕಾಲು ಗಂಟೆ ನೆನೆಸಿ, ಮೆತ್ತನೆ ಸ್ಪಂಜಲ್ಲಿ ತೊಳೆಯಿರಿ. ಸ್ಟೀಲ್ ನಾರು ಹಾಕಿದರೆ ಲೇಪ ಕಿತ್ತು ಬರುತ್ತದೆ.

ಕೋಲಾರದ_ಅವರೆಕಾಳು
ಕೆರೆದು ನೋಡಿದೆ, ಉಗುರಿನ ತುಂಬಾ ಮೇಣ! ಕಾಯಿಲ್‌ನಲ್ಲಿ ಬೆರಳಷ್ಟು ಚೂರು ಸಿಕ್ಕಿತ್ತು, ತೆಗೆದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಉಳಿದ ರೋಲ್ ಏನು ಮಾಡಲಿ?

ಚಿಕ್ಕಬಳ್ಳಾಪುರ_ಅಡುಗೆಮನೆ
ಬಿಸಿ ತಾಗದ ಕೆಲಸಕ್ಕೆ ಇಟ್ಟುಕೊಳ್ಳಿ. ಲಾಡು, ಬರ್ಫಿ ಆರಿದ ಮೇಲೆ ಡಬ್ಬಿಯಲ್ಲಿ ನಡುನಡುವೆ ಹಾಸಬಹುದು.