ತಿಂಗಳಿಗೊಂದು ಥರ ಬರುವ ದುಡ್ಡಲ್ಲಿ ಉಳಿತಾಯ: 50-30-20 ಲೆಕ್ಕ ಹೊಂದುತ್ತಾ?

ಖಾಲಿ_ಜೇಬು:
ವಿದ್ಯಾರ್ಥಿವೇತನ ಸೆಮಿಸ್ಟರ್‌ಗೆ ಒಂದೇ ಸಲ ಬರುತ್ತೆ. ಅರೆಕಾಲಿಕ ಕೆಲಸದ ಸಂಬಳ ಆ ತಿಂಗಳು ಎಷ್ಟು ಪಾಳಿ ಸಿಕ್ಕಿತು ಅನ್ನೋದರ ಮೇಲೆ. ಎಲ್ಲಿ ಕೇಳಿದರೂ ಅಗತ್ಯಕ್ಕೆ 50, ಆಸೆಗೆ 30, ಉಳಿತಾಯಕ್ಕೆ 20 ಅಂತಾರೆ. ಬಾಡಿಗೆ, ಊಟ, ಓಡಾಟಕ್ಕೇ ನೂರಕ್ಕೆ 75 ಹೋದರೆ ಇದನ್ನ ಎಲ್ಲಿಂದ ಹೊಂದಿಸೋದು? ಎಷ್ಟು ಎತ್ತಿಡಬೇಕು, ಎಲ್ಲಿಡಬೇಕು, ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅದನ್ನ ತೀರಿಸಬೇಕಾ? "ಸಣ್ಣಪುಟ್ಟ ಖರ್ಚು ಬಿಡಿ" ಅನ್ನೋ ಸಲಹೆ ಬಿಟ್ಟು ಬೇರೆ ಏನಾದರೂ ಹೇಳಿ.

ಲೆಕ್ಕದ_ಪುಸ್ತಕ:
50-30-20 ತಿಂಗಳ ಸಂಬಳದವರಿಗೆ ಹೊಲಿದ ಅಂಗಿ. ನಿಮಗೆ ಸಡಿಲ ಅಥವಾ ಬಿಗಿ ಆಗೋದು ಸಹಜ. ನಿಮ್ಮ ತೊಂದರೆ ಶೇಕಡಾವಾರಿನದಲ್ಲ, ದಿನಾಂಕದ್ದು. ದುಡ್ಡು ಬರುವ ದಿನಕ್ಕೂ ಹೋಗುವ ದಿನಕ್ಕೂ ತಾಳೆ ಇಲ್ಲ, ಅಷ್ಟೆ.

ಸೆಮಿಸ್ಟರ್ ಮೊತ್ತ 1000 ಅಂತಿಟ್ಟುಕೊಳ್ಳಿ. ಅದು ಖಾತೆಗೆ ಬಿದ್ದ ದಿನವೇ, ಬರಲಿರುವ ದೊಡ್ಡ ಖರ್ಚುಗಳನ್ನೆಲ್ಲ ಬರೆದುಕೊಳ್ಳಿ: ಶುಲ್ಕ, ಪರೀಕ್ಷೆ ಶುಲ್ಕ, ಪುಸ್ತಕ, ರಜೆಗೆ ಹೋಗಿಬರುವ ಟಿಕೆಟ್, ವರ್ಷಕ್ಕೊಮ್ಮೆ ಬರುವ ವಿಮೆ ಅಥವಾ ನವೀಕರಣ. ಇವಕ್ಕೆ 400 ಅಂದುಕೊಳ್ಳೋಣ. ಇದು ಖರ್ಚಾಗಿಹೋದ ದುಡ್ಡು, ಇನ್ನೂ ಕಟ್ಟಿಲ್ಲ ಅಷ್ಟೆ. ಉಳಿದ 600ನ್ನು 18 ವಾರದ ಸೆಮಿಸ್ಟರ್‌ಗೆ 18ರಿಂದ ಭಾಗಿಸಬೇಡಿ, 20ರಿಂದ ಭಾಗಿಸಿ. ವಾರಕ್ಕೆ 30. ಪ್ರತಿ ಸೋಮವಾರ 30 ಮಾತ್ರ ಖರ್ಚಿನ ಖಾತೆಗೆ ಹಾಕಿಕೊಳ್ಳಿ. ಕೊನೆಗೆ 60 ಮಿಗುತ್ತೆ. ಮುಂದಿನ ಕಂತು ತಡವಾದರೆ ಅದು ಎರಡು ವಾರದ ಊಟ. ಸಮಯಕ್ಕೆ ಬಂದರೆ ಅದೇ ಉಳಿತಾಯ. ಸೋಮವಾರ ಯಾಕೆಂದರೆ ಶುಕ್ರವಾರ ಹಾಕಿದ್ದು ಭಾನುವಾರದ ಹೊತ್ತಿಗೆ ಅರ್ಧ ಕರಗಿರುತ್ತೆ.

ಇನ್ನೊಂದು ಲೆಕ್ಕ ಬಹಳ ಜನ ತಪ್ಪುತ್ತಾರೆ. ವಾರಕ್ಕೆ 30 ಅಂದರೆ ತಿಂಗಳಿಗೆ 120 ಅಂತ ಬರೆದುಕೊಳ್ತಾರೆ. ವರ್ಷಕ್ಕೆ 52 ವಾರ, 48 ಅಲ್ಲ. 120 ಸಲ 12 ಅಂದರೆ 1440, ನಿಜವಾದ ಖರ್ಚು 1560. ಸರಿಯಾಗಿ ಒಂದು "ತಿಂಗಳ" ಖರ್ಚು ಲೆಕ್ಕದಿಂದಲೇ ಬಿದ್ದುಹೋಗಿರುತ್ತೆ, ಆಮೇಲೆ ದುಡ್ಡು ಎಲ್ಲಿ ಸೋರಿತು ಅಂತ ಹುಡುಕಾಟ. ವಾರದ ಲೆಕ್ಕವನ್ನು ತಿಂಗಳಿಗೆ ತರುವಾಗ 4.33ರಿಂದ ಗುಣಿಸಿ.

ಪಾಳಿ ಸಂಬಳಕ್ಕೆ: ಕಳೆದ ಆರು ತಿಂಗಳಲ್ಲಿ ಅತಿ ಕಡಿಮೆ ಬಂದ ತಿಂಗಳು ಯಾವುದೋ ಅದೇ ನಿಮ್ಮ "ಸಂಬಳ". ಸರಾಸರಿ ಹಿಡಿಯಬೇಡಿ. ಸರಾಸರಿಗೆ ತಕ್ಕಂತೆ ಬದುಕಿದರೆ ಸುಮಾರು ಅರ್ಧದಷ್ಟು ತಿಂಗಳು ಕೊರತೆ ಬೀಳುತ್ತೆ, ಆ ಗುಂಡಿಯನ್ನು ಕಾರ್ಡ್ ತುಂಬಿಸುತ್ತೆ. ಕನಿಷ್ಠಕ್ಕಿಂತ ಮೇಲೆ ಬಂದದ್ದರಲ್ಲಿ ಮೂರನೇ ಎರಡು ಭಾಗ ಎತ್ತಿಡಿ, ಒಂದು ಭಾಗ ಖುಷಿಯಾಗಿ ಖರ್ಚು ಮಾಡಿ. ಪೂರ್ತಿ ಎತ್ತಿಡ್ತೀನಿ ಅನ್ನೋ ವ್ರತ ಎರಡು ತಿಂಗಳಿಗಿಂತ ಜಾಸ್ತಿ ನಡೆಯಲ್ಲ.

ಅಗತ್ಯಕ್ಕೇ 75 ಹೋಗುವವರು ಸದ್ಯಕ್ಕೆ 20ರ ಆಸೆ ಬಿಡಿ. 5ರಿಂದ ಶುರು ಮಾಡಿದರೆ ಸಾಕು, ನಡುವೆ ನಿಲ್ಲಬಾರದು.

ಚಕ್ರಬಡ್ಡಿ:
ಮೇಲಿನ ಲೆಕ್ಕಕ್ಕೆ ನನ್ನ ಒಪ್ಪಿಗೆ ಇದೆ. ಕಾರ್ಡ್ ವಿಷಯಕ್ಕೆ ಬರ್ತೀನಿ, ಯಾಕೆಂದರೆ "ಕನಿಷ್ಠ ಪಾವತಿ" ಅನ್ನೋ ಪದದಷ್ಟು ಮುಗ್ಧವಾಗಿ ಕಾಣುವ ಬಲೆ ಇನ್ನೊಂದಿಲ್ಲ.

ಬಾಕಿ 100, ಬಡ್ಡಿ ತಿಂಗಳಿಗೆ ಶೇ. 3, ಕನಿಷ್ಠ ಪಾವತಿ ಶೇ. 5 ಅಂತ ಇಟ್ಟುಕೊಳ್ಳಿ. ತಿಂಗಳ ಕೊನೆಗೆ ಬಾಕಿ 103. ನೀವು 5.15 ಕಟ್ಟುತ್ತೀರಿ, ಉಳಿದದ್ದು 97.85. ಕಟ್ಟಿದ್ದರಲ್ಲಿ 3 ಬಡ್ಡಿಗೇ ಹೋಯಿತು. ಹೀಗೇ ಒಂದು ವರ್ಷ, ಹೊಸದಾಗಿ ಏನೂ ಕೊಳ್ಳದೆ ಕಟ್ಟಿದರೆ ಒಟ್ಟು ಸುಮಾರು 55 ಕಟ್ಟಿರುತ್ತೀರಿ, ಸಾಲ ಇಳಿದಿರುವುದು 23 ಮಾತ್ರ. ಬಾಕಿ ಕಡಿಮೆ ಆದಂತೆ ಕನಿಷ್ಠ ಪಾವತಿಯೂ ಕಡಿಮೆ ಆಗ್ತಾ ಹೋಗುವುದರಿಂದ ಸಾಲ ಎಳೆದಾಡುತ್ತೆ. ಅದರ ಬದಲು ಪ್ರತಿ ತಿಂಗಳು ಅಲುಗಾಡದೆ 10 ಕಟ್ಟಿ: ಹನ್ನೆರಡನೇ ಕಂತಿನ ಹೊತ್ತಿಗೆ ಒಂದಕ್ಕಿಂತ ಕಡಿಮೆ ಉಳಿದಿರುತ್ತೆ. ಬಿಲ್ಲಿನಲ್ಲಿ ಏನೇ ಮುದ್ರಿಸಿರಲಿ, ಮೊತ್ತವನ್ನು ನೀವು ನಿಗದಿ ಮಾಡಿ.

ತಿಂಗಳಿಗೆ ಶೇ. 3 ಅಂದರೆ ವರ್ಷಕ್ಕೆ 36 ಅಲ್ಲ, ಚಕ್ರಬಡ್ಡಿ ಸೇರಿ 42.6. ಯಾವ ಉಳಿತಾಯ ಖಾತೆಯೂ ಇದರ ಹತ್ತಿರ ಸುಳಿಯಲ್ಲ, ಹಾಗಾಗಿ ಬಾಕಿ ಇಟ್ಟುಕೊಂಡು ಉಳಿಸೋದು ಒಂದು ಕೈಲಿ ತುಂಬಿಸಿ ಇನ್ನೊಂದು ಕೈಲಿ ಚೆಲ್ಲಿದ ಹಾಗೆ. ಆದರೂ ಎರಡು ವಾರದ ಖರ್ಚಿನಷ್ಟು ಮೊದಲು ಪಕ್ಕಕ್ಕಿಡಿ. ಅದಿಲ್ಲದೆ ಇದ್ದಬದ್ದದ್ದೆಲ್ಲ ಕಾರ್ಡಿಗೆ ಸುರಿದರೆ, ಫೋನ್ ಪರದೆ ಒಡೆದ ದಿನ ಮತ್ತೆ ಅದೇ ಕಾರ್ಡ್ ಉಜ್ಜಬೇಕಾಗುತ್ತೆ. ಇನ್ನೊಂದು: ಬಹುತೇಕ ಕಾರ್ಡ್‌ಗಳಲ್ಲಿ ಹಳೆ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿರಹಿತ ಅವಧಿ ಸಿಗಲ್ಲ, ಕೊಂಡ ದಿನದಿಂದಲೇ ಬಡ್ಡಿ. ತೀರುವ ತನಕ ಆ ಕಾರ್ಡನ್ನು ಎಲ್ಲ ಆ್ಯಪ್‌ಗಳಿಂದ ತೆಗೆದುಹಾಕಿ.

ಬಡ್ಡಿ ಇಲ್ಲದ ಕಂತು ಅಂತ ಕಂಡರೆ ಸಂಸ್ಕರಣಾ ಶುಲ್ಕ ನೋಡಿ. ಆರು ಸಮ ಕಂತಿಗೆ ಶೇ. 3 ಶುಲ್ಕ ಅಂದರೆ ವಾರ್ಷಿಕ ಬಡ್ಡಿ ಲೆಕ್ಕದಲ್ಲಿ 10ಕ್ಕಿಂತ ಮೇಲೇ ಆಯಿತು, ಯಾಕೆಂದರೆ ಆ ಸಾಲ ನಿಮ್ಮ ಕೈಲಿ ಸರಾಸರಿ ಇರುವುದು ಮೂರೂವರೆ ತಿಂಗಳು ಮಾತ್ರ. "ಫ್ಲಾಟ್ ದರ 10" (ಸಾಲ ತೀರುತ್ತಾ ಬಂದರೂ ಮೊದಲಿನ ಪೂರ್ತಿ ಮೊತ್ತಕ್ಕೇ ಬಡ್ಡಿ) ಕೂಡ ಇದೇ ಕಥೆ: ಹನ್ನೆರಡು ಕಂತಿನ ಸಾಲದಲ್ಲಿ ನಿಜವಾದ ದರ ಹತ್ತಿರ ಹತ್ತಿರ 18.

ಖಾಲಿ_ಜೇಬು:
ಫ್ಲಾಟ್ ದರದ ಗುಟ್ಟು ಈಗ ಗೊತ್ತಾಯ್ತು, ಥ್ಯಾಂಕ್ಸ್. ಸ್ವಯಂಚಾಲಿತ ವರ್ಗಾವಣೆ ಹಾಕಿಟ್ಟರೆ ಯಾವ ದಿನಕ್ಕೆ ಇಡೋದು? ಸಂಬಳ ತಡವಾದ ತಿಂಗಳು ಕಡಿತ ವಿಫಲ ಆದರೆ ದಂಡ ಬೀಳಲ್ವಾ? ಮತ್ತೆ, ಎಲ್ಲಿ ಬಡ್ಡಿ ಜಾಸ್ತಿ ಸಿಗುತ್ತೆ?

ಮೂರನೇ_ಡಬ್ಬಿ:
ವಿಫಲವಾದ ಕಡಿತಕ್ಕೆ ಹಲವು ಕಡೆ ದಂಡ ಇದೆ, ಆದ್ದರಿಂದ ಸಂಬಳದ ದಿನಕ್ಕೇ ಇಡಬೇಡಿ. ಸಾಮಾನ್ಯವಾಗಿ ಬರುವ ದಿನಕ್ಕಿಂತ ಮೂರು ದಿನ ಮುಂದಕ್ಕೆ ಇಡಿ. ತಿಂಗಳ 29, 30, 31 ಬೇಡ, ಫೆಬ್ರವರಿಯಲ್ಲಿ ಎಡವಟ್ಟಾಗುತ್ತೆ. ದಿನಾಂಕದ ಖಾತ್ರಿಯೇ ಇಲ್ಲದವರು ಸ್ವಯಂಚಾಲಿತ ಕಡಿತದ ಗೊಡವೆಗೆ ಹೋಗದೆ, ಸಂಬಳ ಜಮೆಯಾದ ಸಂದೇಶ ಬಂದ ಕೂಡಲೇ ಕೈಯಿಂದ ವರ್ಗಾಯಿಸಿ. ಸಂಜೆ ಮಾಡೋಣ ಅಂದರೆ ಆಗಲ್ಲ.

ಉಳಿತಾಯದ ಖಾತೆ ಬೇರೆಯೇ ಇರಲಿ. ಅದಕ್ಕೆ ಕಾರ್ಡ್ ಬೇಡ, ಫೋನ್ ಪಾವತಿಗೆ ಜೋಡಿಸಬೇಡಿ. ದುಡ್ಡು ಹೊರಗೆ ಬರಲು ಒಂದು ದಿನ ಹಿಡಿಯಬೇಕು. ಆ ಒಂದು ದಿನದಲ್ಲೇ ಮುಕ್ಕಾಲು ಪಾಲು ಆಸೆ ತಣ್ಣಗಾಗುತ್ತೆ. ತೆರೆಯುವ ಮೊದಲು ಕನಿಷ್ಠ ಶಿಲ್ಕು ಎಷ್ಟು, ಇಲ್ಲದಿದ್ದರೆ ಶುಲ್ಕ ಎಷ್ಟು ಕೇಳಿ. ಸಣ್ಣ ಮೊತ್ತವನ್ನು ಬಡ್ಡಿಗಿಂತ ವೇಗವಾಗಿ ತಿನ್ನೋದು ಆ ಶುಲ್ಕವೇ.

ಬಡ್ಡಿ ದರ ಹುಡುಕುವುದು ಮೊದಲ ವರ್ಷ ದಂಡ. ತಿಂಗಳಿಗೆ 10ರಂತೆ ವರ್ಷಕ್ಕೆ 120 ಉಳಿಸಿ, ಶೇ. 6 ಬಡ್ಡಿ ಬಂದರೆ ಸಿಗುವುದು 4ರ ಆಸುಪಾಸು, ಏಕೆಂದರೆ ಕೊನೆಯ ಕಂತು ಖಾತೆಯಲ್ಲಿ ಕೂತಿದ್ದೇ ಒಂದು ತಿಂಗಳು. ದರ 7 ಆದರೆ ಮುಕ್ಕಾಲಿಗಿಂತ ಕಡಿಮೆ ಹೆಚ್ಚುತ್ತೆ. ತಿಂಗಳಿಗೆ 10ರ ಬದಲು 11 ಹಾಕಿದರೆ 12 ಹೆಚ್ಚುತ್ತೆ. ಮೊತ್ತ ಬೆಳೆದ ಮೇಲೆ ದರದ ಮಾತು.

ಮೂರು ತಿಂಗಳ ಅಗತ್ಯ ಖರ್ಚಿನಷ್ಟು ಕೂಡುವ ತನಕ ಠೇವಣಿಯಲ್ಲಿ ಇಡುವುದಾದರೆ ಒಂದೇ ಗಂಟು ಕಟ್ಟಬೇಡಿ. ಮೂರು ಠೇವಣಿ ಮಾಡಿ. ಅವಧಿಗೆ ಮುಂಚೆ ಮುರಿದರೆ ಬಡ್ಡಿ ಕಡಿತ ಆ ಒಂದಕ್ಕೆ ಮಾತ್ರ, ಉಳಿದೆರಡು ಹಾಗೇ ಇರುತ್ತೆ.

ಉಳಿತಾಯ ಶುರು ಮಾಡಿದ ಆ ಶೇ. 5 ಅನ್ನು ಮೇಲೆತ್ತುವ ಬಗೆ ಗೊತ್ತಿರಲಿ. ಅರ್ಥಶಾಸ್ತ್ರಜ್ಞರಾದ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನೌಕರರು ಮುಂದಿನ ಸಂಬಳ ಏರಿಕೆಯ ಒಂದು ಪಾಲು ಉಳಿತಾಯಕ್ಕೆ ಹೋಗಲಿ ಅಂತ ಮೊದಲೇ ಒಪ್ಪಿಕೊಂಡಿದ್ದರು. 40 ತಿಂಗಳಲ್ಲಿ ಅವರ ಉಳಿತಾಯ ಶೇ. 3.5ರಿಂದ 13.6ಕ್ಕೆ ಏರಿತು. ಕೈಗೆ ಬಂದು ರೂಢಿಯಾದ ದುಡ್ಡನ್ನು ಬಿಡೋದು ಕಷ್ಟ, ಇನ್ನೂ ಬಾರದ್ದನ್ನು ಬಿಡೋದು ಸುಲಭ. ಪಾಳಿಯ ದರ ಏರುವ ಸುಳಿವು ಸಿಕ್ಕ ದಿನವೇ ವರ್ಗಾವಣೆ ಮೊತ್ತ ಬದಲಿಸಿಡಿ.

ಹಳೇ_ಪುಸ್ತಕ:
ಸೆಮಿಸ್ಟರ್‌ನ ಆ 400ರಲ್ಲಿ ಜಗ್ಗಾಡಲು ಜಾಗ ಇರುವುದು ಪುಸ್ತಕದಲ್ಲಿ, ಅದನ್ನ ಯಾರೂ ಹೇಳಲಿಲ್ಲ. ಹಳೆ ಪ್ರತಿ ಕೊಳ್ಳುವಾಗ ಹೆಸರು ನೋಡಿ ಕೊಳ್ಳಬೇಡಿ, ಹಿಂಬದಿಯ 13 ಅಂಕಿಯ ಐಎಸ್‌ಬಿಎನ್ ತಾಳೆ ನೋಡಿ. ಆವೃತ್ತಿ ಬದಲಾದರೆ ಆ ಸಂಖ್ಯೆಯೂ ಬದಲಾಗುತ್ತೆ. ಹಿಂದಿನ ಆವೃತ್ತಿಯಲ್ಲಿ ಪಾಠ ಬಹುಪಾಲು ಅದೇ ಇರಬಹುದು, ಅಭ್ಯಾಸದ ಲೆಕ್ಕಗಳ ಕ್ರಮಸಂಖ್ಯೆ ಅದಲುಬದಲಾಗಿ "ಅಧ್ಯಾಯ 4ರ 12ನೇ ಲೆಕ್ಕ" ಅಂದಾಗ ಬೇರೆಯದನ್ನೇ ಬಿಡಿಸಿಕೊಂಡು ಹೋಗಿರುತ್ತೀರಿ. ಗ್ರಂಥಾಲಯದ ಹೊಸ ಪ್ರತಿಯಿಂದ ಅಭ್ಯಾಸದ ಪುಟಗಳನ್ನು ಮಾತ್ರ ನೋಡಿಕೊಂಡರೆ ಹಳೆಯದರಲ್ಲೇ ನಡೆಯುತ್ತೆ.

ಹೊಸ ಪುಸ್ತಕದ ಜೊತೆ ಬರುವ ಆನ್‌ಲೈನ್ ಪ್ರವೇಶ ಸಂಕೇತ ಬೇಕಾದ ವಿಷಯವಾದರೆ ಹಳೆ ಪ್ರತಿ ಕೊಳ್ಳುವ ಮುಂಚೆ ಯೋಚಿಸಿ. ಆ ಸಂಕೇತ ಸಾಮಾನ್ಯವಾಗಿ ಒಂದೇ ಸಲ ಬಳಸುವಂಥದ್ದು, ಗೀಚಿ ತೆಗೆದಿದ್ದರೆ ಮುಗೀತು. ಸಂಕೇತವನ್ನು ಪ್ರತ್ಯೇಕವಾಗಿ ಮಾರುತ್ತಾರಾ, ಅದಕ್ಕೆಷ್ಟು ಅಂತ ವಿಚಾರಿಸಿ, ಹಳೆ ಪುಸ್ತಕದ ಬೆಲೆಗೆ ಕೂಡಿಸಿ ನೋಡಿ. ಎಷ್ಟೋ ಸಲ ಹೊಸದೇ ಅಗ್ಗ ಬೀಳುತ್ತೆ. ಮೊದಲ ಎರಡು ತರಗತಿ ಮುಗಿಯುವ ತನಕ ಏನನ್ನೂ ಕೊಳ್ಳಬೇಡಿ. ಪಟ್ಟಿಯಲ್ಲಿರುವ ಎಲ್ಲ ಪುಸ್ತಕವೂ ಬಳಕೆಗೆ ಬರಲ್ಲ.