ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಹೊಲದಲ್ಲಿ ನಿಂತುಹೋದ ತೈಲಬಾವಿ: ಮುಚ್ಚಿಸುವ ಹೊಣೆ ಯಾರದು?

ಪ್ರಶ್ನೆ (ಕ್ಯಾಲ್ಗರಿ ನಿವಾಸಿ):
ಎಲ್ಲರಿಗೂ ನಮಸ್ಕಾರ. ಕ್ಯಾಲ್ಗರಿಯ ಉತ್ತರಕ್ಕೆ ಸ್ವಲ್ಪ ಜಮೀನು ಕೊಳ್ಳುವ ಆಲೋಚನೆಯಲ್ಲಿದ್ದೇವೆ. ಅದರ ಒಂದು ಮೂಲೆಯಲ್ಲಿ ಹಳೆಯ ತೈಲಬಾವಿಯಿದೆ. ಪಂಪು ನಿಂತು ಬಹಳ ಕಾಲವಾಗಿದೆ, ಸುತ್ತ ಹಾಸಿದ ಜಲ್ಲಿಯ ಸಂದಿಯಲ್ಲಿ ಕಳೆ ಎದ್ದಿದೆ, ಬೇಲಿಗೆ ಕಟ್ಟಿದ ಫಲಕದ ಮೇಲಿನ ತುರ್ತು ದೂರವಾಣಿ ಸಂಖ್ಯೆ ಓದಲಾಗದಷ್ಟು ಮಾಸಿದೆ. ಕಂಪನಿಯವರು ಜಾಗದ ಬಾಡಿಗೆ ಕೊಡುವುದನ್ನೂ ನಿಲ್ಲಿಸಿದ್ದಾರೆಂದು ಈಗಿನ ಮಾಲೀಕರು ಹೇಳುತ್ತಾರೆ. ಇಂಥ ಬಾವಿಯನ್ನು ಇಷ್ಟು ಕಾಲದೊಳಗೆ ಮುಚ್ಚಲೇಬೇಕೆಂಬ ನಿಯಮವಿಲ್ಲವೇ? ಕಂಪನಿ ದಿವಾಳಿಯಾದರೆ ಖರ್ಚು ಜಮೀನು ಕೊಂಡವರ ತಲೆಗೆ ಬರುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1 (ಬಾವಿ ಮುಚ್ಚುವ ಕೆಲಸದಲ್ಲಿರುವವರು):
ಮೊದಲಿಗೆ, ಖರ್ಚು ನಿಮ್ಮ ಮೇಲೆ ಬರುವುದಿಲ್ಲ. ಹೊಣೆ ಪರವಾನಗಿ ಪಡೆದ ಕಂಪನಿಯದು. ಹೊಣೆ ಹೊರಲು ಯಾರೂ ಉಳಿಯದಿದ್ದರೆ ಬಾವಿ 'ಅನಾಥ' ಎಂದು ಘೋಷಿತವಾಗಿ ಆರ್ಫನ್ ವೆಲ್ ಅಸೋಸಿಯೇಷನ್‌ಗೆ ಹೋಗುತ್ತದೆ. ಆ ಸಂಸ್ಥೆಗೆ ಹಣ ಬರುವುದು ಮುಖ್ಯವಾಗಿ ತೈಲೋದ್ಯಮವೇ ಕಟ್ಟುವ ಸುಂಕದಿಂದ. ಬಾಡಿಗೆ ಬಾಕಿಯಿದ್ದರೆ ಜಮೀನಿನ ಮಾಲೀಕರು ಸರ್ಫೇಸ್ ರೈಟ್ಸ್ ಕಾಯ್ದೆಯ 36ನೆಯ ವಿಧಿಯಡಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು.

ಕೆಲಸ ಹೇಗೆ ನಡೆಯುತ್ತದೆಂದು ತಿಳಿದಿರುವುದು ಒಳ್ಳೆಯದು. ಬಾವಿಯೊಳಗೆ ಸಿಮೆಂಟ್ ತುಂಬಿ, ಅನಿಲ ಸೋರುತ್ತಿಲ್ಲವೆಂದು ಪರೀಕ್ಷಿಸಿ, ಉಕ್ಕಿನ ಕೊಳವೆಯನ್ನು ನೆಲಮಟ್ಟಕ್ಕಿಂತ ಕನಿಷ್ಠ 1 ಮೀಟರ್ ಕೆಳಗೆ ಕತ್ತರಿಸಿ ಮುಚ್ಚಳ ಹಾಕುತ್ತಾರೆ. ಜನ ಇಲ್ಲಿಗೆ ಎಲ್ಲವೂ ಮುಗಿಯಿತೆಂದುಕೊಳ್ಳುತ್ತಾರೆ, ಆದರೆ ಮಣ್ಣಿನ ಕೆಲಸ ಆಗಷ್ಟೇ ಶುರುವಾಗುತ್ತದೆ. ಎಣ್ಣೆ ಮತ್ತು ಉಪ್ಪುನೀರು ಇಳಿದ ಮಣ್ಣನ್ನು ತೆಗೆದು, ಜಲ್ಲಿ ಎತ್ತಿ, ಮೇಲ್ಮಣ್ಣು ಹಾಕಿ ಬಿತ್ತನೆ ಮಾಡಬೇಕು. ಅಲ್ಲಿನ ಬೆಳೆ ಪಕ್ಕದ ಹೊಲದ ಬೆಳೆಗೆ ಸರಿಸಮನಾಗಿದೆ ಎಂದು ತೋರಿಸಿದ ಮೇಲೆಯೇ ಪುನಶ್ಚೇತನದ ಪ್ರಮಾಣಪತ್ರ ಸಿಗುತ್ತದೆ. ಬಾವಿಯನ್ನು ಮುಚ್ಚಿದ ಮೇಲೂ ಅದರ ಸುತ್ತ ಕನಿಷ್ಠ 5 ಮೀಟರ್ ಜಾಗದಲ್ಲಿ ಮನೆ ಕಟ್ಟುವಂತಿಲ್ಲ.

ಉತ್ತರ 2 (ಕಾನೂನು ಓದುಗ):
ಗಡುವಿನ ಪ್ರಶ್ನೆಯೇ ಇಲ್ಲಿನ ವ್ಯವಸ್ಥೆಯ ದೊಡ್ಡ ಲೋಪ. ಉತ್ಪಾದನೆ ನಿಂತ ಬಾವಿಯನ್ನು ಸುರಕ್ಷಿತ ಸ್ಥಿತಿಯಲ್ಲಿ ಇಡಬೇಕೆಂದು ನಿಯಮವಿದೆಯೇ ಹೊರತು, ಹಾಗೆ ಎಷ್ಟು ವರ್ಷ ಇಡಬಹುದೆಂಬ ಮಿತಿ ಆಲ್ಬರ್ಟಾದಲ್ಲಿ ಇರಲಿಲ್ಲ. ನೆರೆಯ ಬ್ರಿಟಿಷ್ ಕೊಲಂಬಿಯಾ 2019ರಲ್ಲಿಯೇ ನಿಷ್ಕ್ರಿಯ ತಾಣಗಳಿಗೆ ಗಡುವು ವಿಧಿಸಿತು. ಆಲ್ಬರ್ಟಾ ಬೇರೆ ದಾರಿ ಹಿಡಿದು, ಪ್ರತಿ ಕಂಪನಿಯೂ ವರ್ಷಕ್ಕೆ ಇಂತಿಷ್ಟು ಹಣವನ್ನು ಈ ಕೆಲಸಕ್ಕೆ ಖರ್ಚು ಮಾಡಲೇಬೇಕೆಂದಿತು. ಇಡೀ ಉದ್ಯಮಕ್ಕೆ ಆ ಮೊತ್ತ 2022ರಲ್ಲಿ 42.2 ಕೋಟಿ ಡಾಲರ್, 2023ರಲ್ಲಿ 70 ಕೋಟಿ. ಆದರೆ ಯಾವ ಬಾವಿಯನ್ನು ಮೊದಲು ಮುಚ್ಚಬೇಕೆಂಬ ಆಯ್ಕೆ ಬಹುಮಟ್ಟಿಗೆ ಕಂಪನಿಯದೇ ಆದ್ದರಿಂದ ಕಷ್ಟದ, ಹೆಚ್ಚು ಮಲಿನವಾದ ತಾಣಗಳು ಹಿಂದೆ ಬೀಳುತ್ತವೆಂಬುದು ನನ್ನ ಆತಂಕ.

ದಿವಾಳಿಯ ವಿಷಯದಲ್ಲಿ ಮಾತ್ರ ಸ್ಪಷ್ಟ ತೀರ್ಪಿದೆ. ರೆಡ್‌ವಾಟರ್ ಎನರ್ಜಿ ಎಂಬ ಸಣ್ಣ ಕಂಪನಿ 2015ರಲ್ಲಿ ಮುಳುಗಿದಾಗ, ಆಸ್ತಿ ವಹಿಸಿಕೊಂಡ ಲೆಕ್ಕಪತ್ರ ಸಂಸ್ಥೆ ಲಾಭದ ಬಾವಿಗಳನ್ನಷ್ಟೇ ಇಟ್ಟುಕೊಂಡು ಉಳಿದವನ್ನು ಕೈಬಿಡಲು ಹೊರಟಿತು. ಕೆನಡಾದ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ 5-2ರ ಬಹುಮತದಿಂದ ಅದನ್ನು ತಳ್ಳಿಹಾಕಿ, ಸಾಲ ಕೊಟ್ಟವರಿಗೆ ಹಂಚುವ ಮೊದಲು ಬಾವಿಗಳ ಹೊಣೆ ತೀರಬೇಕೆಂದಿತು.

ಉತ್ತರ 3 (ಎಡ್ಮಂಟನ್ ಓದುಗ):
ತೀರ್ಪು ಒಳ್ಳೆಯದೇ, ಆದರೆ ಬೊಕ್ಕಸ ಬರಿದಾದ ಕಂಪನಿಯಿಂದ ವಸೂಲು ಮಾಡುವುದಾದರೂ ಏನನ್ನು? ಹಳೆಯ ಪದ್ಧತಿಯಲ್ಲಿ ಕಂಪನಿಯ ಆಸ್ತಿಯ ಅಂದಾಜು ಮೌಲ್ಯ ಅದರ ಹೊಣೆಯ ಮೊತ್ತಕ್ಕಿಂತ ಕೆಳಗಿಳಿದಾಗ, ಎಂದರೆ ಅದು ಕೊಡಲಾರದ ಸ್ಥಿತಿಗೆ ಬಂದಾಗ, ಠೇವಣಿ ಕೇಳುತ್ತಿದ್ದರು. ಕೊನೆಗೆ 2020ರಲ್ಲಿ ಒಕ್ಕೂಟ ಸರ್ಕಾರ ಪಶ್ಚಿಮದ ಮೂರು ಪ್ರಾಂತ್ಯಗಳ ಬಾವಿಗಳಿಗೆ ಸುಮಾರು 170 ಕೋಟಿ ಡಾಲರ್ ಸಾರ್ವಜನಿಕ ಹಣ ಒದಗಿಸಬೇಕಾಯಿತು. ಎಣ್ಣೆ ಹರಿಯುತ್ತಿರುವಾಗಲೇ ಪ್ರತಿ ಬಾವಿಯ ಮೇಲೂ ಹಣ ಕಟ್ಟಿಸಿಕೊಳ್ಳದೆ ಇದು ಬಗೆಹರಿಯದು.

ಪ್ರಶ್ನೆ ಕೇಳಿದವರಿಂದ:
ಮೂವರಿಗೂ ಧನ್ಯವಾದಗಳು. ಆ ಬಾವಿಯ ಪರವಾನಗಿ ಈಗ ಯಾರ ಹೆಸರಿನಲ್ಲಿದೆ, ಮಣ್ಣಿನ ಪರೀಕ್ಷೆ ಎಂದಾದರೂ ಆಗಿದೆಯೇ ಎಂಬುದನ್ನು ಮೊದಲು ತಿಳಿಯುತ್ತೇವೆ. ನಾವೇ ಅರ್ಜಿ ಕೊಟ್ಟು ಮುಚ್ಚಿಸಲು ದಾರಿಯಿದೆಯೇ?

ಉತ್ತರ 1ರವರಿಂದ:
ಇದೆ. ಐದು ವರ್ಷ ಅಥವಾ ಹೆಚ್ಚು ಕಾಲ ನಿಷ್ಕ್ರಿಯವಾಗಿರುವ ತಾಣವನ್ನು ಮುಚ್ಚಿಸಬೇಕೆಂದು ಜಮೀನಿನ ಮಾಲೀಕರು ಪ್ರಾಂತ್ಯದ ತೈಲೋದ್ಯಮ ನಿಯಂತ್ರಣ ಸಂಸ್ಥೆಯಾದ ಆಲ್ಬರ್ಟಾ ಎನರ್ಜಿ ರೆಗ್ಯುಲೇಟರ್‌ಗೆ ನಾಮನಿರ್ದೇಶನ ಮಾಡಬಹುದು. ಕ್ರಯಪತ್ರಕ್ಕೆ ಸಹಿ ಹಾಕುವ ಮುನ್ನವೇ ಈಗಿನ ಮಾಲೀಕರಿಂದ ಆ ಅರ್ಜಿ ಹಾಕಿಸಿ.