ಮಾಡೆಲ್‌ನಲ್ಲಿ 378 ವೋಲ್ಟ್, ಹೊಲದಲ್ಲಿ 335: ಎಲ್ಲಿ ತಪ್ಪಾಗಿದೆ?

ಕೊನೆಕಂಬ:
ಮೂರು ವಾರದಿಂದ ತಲೆ ಕೆಟ್ಟುಹೋಗಿದೆ. ನಮ್ಮೂರ ಕಡೆಯ ಒಂದು 11 ಕೆವಿ ಫೀಡರ್‌ನ (ಸಬ್‌ಸ್ಟೇಷನ್‌ನಿಂದ ಬರುವ ಲೈನಿನ) ಮಾಡೆಲನ್ನು ಓಪನ್‌ಡಿಎಸ್‌ಎಸ್ ಅನ್ನೋ ವಿದ್ಯುತ್ ಜಾಲದ ಲೆಕ್ಕ ಹಾಕುವ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದೇನೆ. 18 ಕಿಮೀ, ಪೂರ್ತಿ ರ್‍ಯಾಬಿಟ್ ತಂತಿ. ಕೊನೆಯ 63 ಕೆವಿಎ ಟಿಸಿಯಿಂದ (ಟ್ರಾನ್ಸ್‌ಫಾರ್ಮರ್‌ನಿಂದ) 600 ಮೀಟರ್ ಎಲ್‌ಟಿ ಲೈನು, ಅಂದರೆ 415 ವೋಲ್ಟಿನ ಲೈನು. ಅದರ ತುದಿಯಲ್ಲಿ ಮಾಡೆಲ್ 378 ವೋಲ್ಟ್ ತೋರಿಸುತ್ತದೆ. ನಾನೇ ಹೋಗಿ ಅಳೆದರೆ 335. ಎರರ್ ಇಲ್ಲ, ಲೆಕ್ಕ ಕನ್ವರ್ಜ್ ಆಗ್ತಿದೆ (ಒಂದು ಉತ್ತರಕ್ಕೆ ಬಂದು ನಿಲ್ತಿದೆ). ಎಲ್ಲ ಸರಿಯಾಗಿಯೇ ಕೊಟ್ಟಿದ್ದೇನೆ. ಚಿಕ್ಕಪ್ಪನ ಮೋಟರ್ ಇದೇ ಲೈನಿನಲ್ಲಿ ಎರಡು ಸಲ ಸುಟ್ಟಿದೆ. ದಯವಿಟ್ಟು ಯಾರಾದರೂ ಹೇಳಿ.

ರ್‍ಯಾಬಿಟ್50:
ಯೂನಿಟ್ಸ್ ನೋಡಿ ಸಾರ್. ನೂರಕ್ಕೆ ತೊಂಬತ್ತು ಸಲ ಅದೇ. ಲೈನ್‌ಕೋಡ್ (ತಂತಿಯ ರೋಧ ಬರೆಯುವ ಜಾಗ) ಕಿಮೀ ಲೆಕ್ಕದಲ್ಲಿ, ಲೈನಿನ ಉದ್ದ ಮೀಟರ್‌ನಲ್ಲಿ ಇರುತ್ತದೆ.

ಕೊನೆಕಂಬ:
ನೋಡಿದೆ. ಎರಡೂ ಕಿಮೀ. ತಂತಿಯ ರೋಧ ಕಿಮೀಗೆ 0.55 ಓಮ್.

ರ್‍ಯಾಬಿಟ್50:
ಎಲ್‌ಟಿ ಲೈನಿಗೂ ನೋಡಿದ್ರಾ? ಒಂದೇ ಒಂದು ಲೈನಿನಲ್ಲಿ ತಪ್ಪಿದ್ದರೂ ಸಾಕು. ಫೈಲ್ ಹಾಕಿ.

ಹಳೇಲೈನು:
ಯೂನಿಟ್ಸ್ ತಪ್ಪಿದರೆ ಸಾವಿರ ಪಟ್ಟು ತಪ್ಪುತ್ತದೆ ಸ್ವಾಮಿ. ಆಗ ಎಲ್‌ಟಿಯಲ್ಲಿ ಡ್ರಾಪ್ (ವೋಲ್ಟೇಜ್ ಇಳಿಕೆ) ಇರೋದೇ ಇಲ್ಲ, ಇಲ್ಲಾಂದ್ರೆ ವೋಲ್ಟೇಜೇ ಉಳಿಯಲ್ಲ. ಇವರದು 43 ವೋಲ್ಟ್ ವ್ಯತ್ಯಾಸ. ನನ್ನ ಅನುಮಾನ ತಂತಿಯ ಬಿಸಿ. 0.55 ಅನ್ನೋದು 20 ಡಿಗ್ರಿಯ ಲೆಕ್ಕ. 75 ಡಿಗ್ರಿಗೆ 0.67 ಆಗುತ್ತದೆ.

ರ್‍ಯಾಬಿಟ್50:
ಈ ಲೋಡಿಗೆ ರ್‍ಯಾಬಿಟ್ ಎಲ್ಲಿ 75 ಡಿಗ್ರಿ ಆಗುತ್ತೆ? ನಾನು ಇನ್ನೂ ಯೂನಿಟ್ಸ್ ಅಂತಲೇ ಹೇಳ್ತೀನಿ.

ಹಳೇಲೈನು:
ಏಪ್ರಿಲ್ ಮಧ್ಯಾಹ್ನ ಕಂಬದ ಕೆಳಗೆ ನಿಂತು ನೋಡಿ, ಆಮೇಲೆ ಹೇಳಿ. 75 ಬೇಡ, 55 ಅಂತಲಾದರೂ ಹಿಡಿಯಿರಿ.

ನಕ್ಷೆಗಾರ:
ಈ ಉದ್ದದ ಎಲ್‌ಟಿ ಲೈನು ಇರಲೇಬಾರದು. ನಾವು ಒಂದು ಕಡೆ 11 ಕೆವಿಯನ್ನೇ ಹೊಲದ ತನಕ ಒಯ್ದು ಚಿಕ್ಕ 25 ಕೆವಿಎ ಟಿಸಿ ಇಟ್ಟೆವು. ಕ್ಯುಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್‌ನಲ್ಲಿ ಒಂದೊಂದು ಕಂಬವನ್ನೂ ಗುರುತಿಸಿ, ಪೈಥಾನ್‌ನಿಂದ ನೇರ ಪಾಂಡಾಪವರ್‌ಗೆ (ಓಪನ್‌ಡಿಎಸ್‌ಎಸ್‌ನಂಥದೇ ಇನ್ನೊಂದು ಸಾಫ್ಟ್‌ವೇರ್) ಕಳಿಸ್ತೀನಿ. 1,400 ಕಂಬ, ಒಂದು ಗುಂಡಿ ಒತ್ತಿದರೆ ಮಾಡೆಲ್ ರೆಡಿ. ಆಸಕ್ತಿ ಇದ್ದರೆ ಬೇರೆ ಚರ್ಚೆ ಶುರು ಮಾಡ್ತೀನಿ.

ಮೀಟರ್‌ಮನೆ:
ದಯವಿಟ್ಟು ಬೇರೆಯೇ ಶುರು ಮಾಡಿ. ಕೊನೆಕಂಬ ಅವರೇ, ಇದು ಊರಿನ ಫೀಡರಾ, ಐಪಿ ಸೆಟ್ (ನೀರಾವರಿ ಪಂಪ್) ಫೀಡರಾ? ಲೋಡ್ ಹೇಗೆ ಕೊಟ್ಟಿದ್ದೀರಿ?

ಕೊನೆಕಂಬ:
ಐಪಿ ಸೆಟ್ ಅಂತ ಹೇಳಲಿಲ್ವಾ? ಎಲ್ಲ ಬೋರ್‌ವೆಲ್ಲೇ. ಆ ಟಿಸಿ ಮೇಲೆ 5 ಎಚ್‌ಪಿಯವು 9. ಕಿಲೋವ್ಯಾಟ್ ಮಾಡೋಕೆ ಎಚ್‌ಪಿಯನ್ನು 0.746ರಿಂದ ಗುಣಿಸಿ, ಅದರ ಅರ್ಧ ಹಾಕಿದೆ, ಎಲ್ಲ ಒಟ್ಟಿಗೆ ಓಡಲ್ಲ ಅಂತ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲು) 0.95.

ಮೀಟರ್‌ಮನೆ:
ಸಿಕ್ಕಿತು. ಮನೆಗಳ ಲೋಡಿಗೆ ಅರ್ಧ ಹಾಕಬಹುದು, ಇಲ್ಲಿ ಆಗಲ್ಲ. ತ್ರೀ ಫೇಸ್ ಕರೆಂಟ್ ದಿನಕ್ಕೆ ಕೆಲವೇ ಗಂಟೆ ಬರುತ್ತದೆ. ಪ್ರತಿ ಮೋಟರಿಗೂ ಆಟೊ ಸ್ಟಾರ್ಟರ್ ಇದೆ. ಕರೆಂಟ್ ಬಂದ ಕೂಡಲೇ ಒಂಬತ್ತೂ ಒಟ್ಟಿಗೆ ಏಳುತ್ತವೆ. 0.746 ಅನ್ನೋದು ಶಾಫ್ಟ್‌ನಲ್ಲಿ ಸಿಗುವ ಶಕ್ತಿ. ಮೋಟರ್ ದಕ್ಷತೆ ಶೇ 75 ಅಂತ ಹಿಡಿದರೆ 5 ಎಚ್‌ಪಿ ಸುಮಾರು 5 ಕಿಲೋವ್ಯಾಟ್ ಎಳೆಯುತ್ತದೆ. ಕೆಪಾಸಿಟರ್ ಇಲ್ಲದಿದ್ದರೆ ಪವರ್ ಫ್ಯಾಕ್ಟರ್ 0.8 ಹಾಕಿ.

ಇನ್ನೊಂದು ಮುಖ್ಯ ವಿಷಯ. ಲೋಡ್‌ನಲ್ಲಿ ವಿಮಿನ್‌ಪಿಯು (ಲೋಡಿನ ಕನಿಷ್ಠ ವೋಲ್ಟೇಜ್ ಮಿತಿ, ನಿಗದಿತ ವೋಲ್ಟೇಜಿನ ಎಷ್ಟು ಪಾಲು ಅಂತ) ಬರೆಯದಿದ್ದರೆ ಓಪನ್‌ಡಿಎಸ್‌ಎಸ್ 0.95 ಅಂತ ತಗೊಳ್ಳುತ್ತದೆ. 415 ವೋಲ್ಟಿಗೆ ಅದು 394. ವೋಲ್ಟೇಜ್ ಅದಕ್ಕಿಂತ ಕೆಳಗಿಳಿದ ಲೋಡನ್ನು ಸ್ಥಿರ ಇಂಪೀಡೆನ್ಸ್ (ಬದಲಾಗದ ರೋಧ) ಆಗಿ ಬದಲಿಸಿಬಿಡುತ್ತದೆ, ಲೆಕ್ಕ ನಿಲ್ಲಬಾರದು ಅಂತ. ಆಗ ವೋಲ್ಟೇಜ್ ಇಳಿದಷ್ಟೂ ಕರೆಂಟೂ ಇಳಿಯುತ್ತದೆ. ನಿಜವಾದ ಮೋಟರ್ ಮಾಡೋದು ಉಲ್ಟಾ: ವೋಲ್ಟೇಜ್ ಇಳಿದರೆ ಜಾಸ್ತಿ ಕರೆಂಟ್ ಎಳೆದು ಬಿಸಿಯಾಗುತ್ತದೆ. ನಿಮ್ಮ ಚಿಕ್ಕಪ್ಪನ ಮೋಟರಿಗೂ ಹೀಗೇ ಆಗಿರಬಹುದು. ವಿಮಿನ್‌ಪಿಯು 0.75 ಮಾಡಿ ಮತ್ತೆ ಓಡಿಸಿ.

ರ್‍ಯಾಬಿಟ್50:
ವಿಮಿನ್‌ಪಿಯು ವಿಷಯ ನನಗೂ ಗೊತ್ತಿರಲಿಲ್ಲ. ಆದರೂ ಯೂನಿಟ್ಸ್ ಒಮ್ಮೆ ನೋಡಿ.

ಕೊನೆಕಂಬ:
ಎಲ್ಲ ಬದಲಿಸಿದೆ. ತಂತಿಗೆ 55 ಡಿಗ್ರಿಯನ್ನೂ ಹಾಕಿದೆ. ಈಗ 346! ನಿಯಮದಂತೆ ಎಲ್‌ಟಿಯಲ್ಲಿ ಶೇ 6ಕ್ಕಿಂತ ಜಾಸ್ತಿ ಇಳಿಯಬಾರದು. ಅಂದರೆ 390 ಇರಬೇಕಾದ ಕಡೆ 335 ಬರ್ತಿದೆ. ಕಚೇರಿಗೆ ಕೊಡೋ ಅರ್ಜಿಗೆ ಈ ಲೆಕ್ಕ ಬೇಕೇ ಬೇಕು. ಉಳಿದ 11 ವೋಲ್ಟ್ ಎಲ್ಲಿ ಹೋಯಿತು?

ಹಳೇಲೈನು:
5 ಎಚ್‌ಪಿ ಅನ್ನೋದು ಮಂಜೂರಾತಿ ಕಾಗದದಲ್ಲಿರೋದಾ, ಬೋರಿನೊಳಗೆ ಇರೋದಾ? ನೀರು ಕೆಳಗೆ ಹೋದ ಹಾಗೆ ಜನ ಏಳೂವರೆ ಎಚ್‌ಪಿ ಇಳಿಸಿರ್ತಾರೆ.

ಕೊನೆಕಂಬ:
ಕಾಗದದ್ದು. ಭಾನುವಾರ ಕ್ಲಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯೋದು) ತಗೊಂಡು ಒಂಬತ್ತೂ ಸ್ಟಾರ್ಟರ್ ಹತ್ತಿರ ಹೋಗಿ ಅಳೆದು ಬರ್ತೀನಿ.

ನಕ್ಷೆಗಾರ:
ಹೋದಾಗ ಪ್ರತಿ ಕಂಬದ ಜಿಪಿಎಸ್ ಕೂಡ ತಗೊಂಡು ಬನ್ನಿ. ಪಾಂಡಾಪವರ್ ಚರ್ಚೆ ಶುರು ಮಾಡಿದ್ದೇನೆ, ಅಲ್ಲಿ ಹಾಕೋಣ.